ಅರವತ್ತು ಜನರ ಕಾರ್ಖಾನೆಗೆ ಎಚ್‌ಆರ್ ಮ್ಯಾನೇಜರ್ ಬೇಕೆ?

ಪ್ರಶ್ನೆ: ದಾವಣಗೆರೆ ಹೊರವಲಯದಲ್ಲಿ ಮೆಕ್ಕೆಜೋಳದಿಂದ ಪಶು ಆಹಾರ ತಯಾರಿಸುವ ಘಟಕ ನಮ್ಮದು. ಅಪ್ಪ ಹನ್ನೆರಡು ಜನರಿಂದ ಶುರು ಮಾಡಿದ್ದು, ಈಗ 62 ಜನ ಇದ್ದಾರೆ. ಅಪ್ಪ, ನಾನು, ತಮ್ಮ ಮೂವರೂ ದಿನಾ ಹೋಗಿ ನಿಂತು ನೋಡಿಕೊಳ್ಳುತ್ತೇವೆ. ಆದರೂ ಕೆಲಸ ಕಲಿತವರು ನಿಲ್ಲುತ್ತಿಲ್ಲ, ಒಂದು ದಿನದ ರಜೆಗೂ ನನ್ನ ಹತ್ತಿರವೇ ಬರುತ್ತಾರೆ. ಒಬ್ಬ ಎಚ್‌ಆರ್ (ಮಾನವ ಸಂಪನ್ಮೂಲ) ಮ್ಯಾನೇಜರ್ ಇಟ್ಟರೆ ಸರಿಹೋಗುತ್ತದೆಯೇ? ತಮ್ಮನಿಗೆ ಬೇಜಾರಾಗದಂತೆ ಇದನ್ನು ಮಾಡುವುದು ಹೇಗೆ?

ಉತ್ತರ: ಈಗಲೇ ಇಟ್ಟರೆ ಸರಿಹೋಗುವುದಿಲ್ಲ. ಬಂದವರು ಆರು ತಿಂಗಳಲ್ಲಿ ಹಾಜರಿ ಪುಸ್ತಕ ಬರೆಯುವ ಇನ್ನೊಬ್ಬ ಗುಮಾಸ್ತರಾಗಿಬಿಡುತ್ತಾರೆ. ಯಾವ ಮಾತನ್ನು ಯಾರು ತೀರ್ಮಾನಿಸಬೇಕು ಎನ್ನುವುದು ನಿಮ್ಮಲ್ಲಿ ಇನ್ನೂ ನಿಗದಿಯಾಗಿಲ್ಲ. ಅದು ಆಗುವ ತನಕ ಎಂಥ ಅನುಭವಸ್ಥರನ್ನು ತಂದರೂ ಅವರು ನಿಮ್ಮ ಬಾಗಿಲಲ್ಲೇ ಕಾಯುತ್ತಿರಬೇಕಾಗುತ್ತದೆ.

ನಮ್ಮ ಭಾಗದಲ್ಲಿ ಈ ಪ್ರಶ್ನೆ ಹೀಗೆ ಬರುವುದು ಸಹಜವೇ. ಹತ್ತಿ ಗಿರಣಿಗಳ ಕಾಲವನ್ನು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯನ್ನು ಕಂಡ ಊರುಗಳಿವು. ಶಿಸ್ತಿನ ಕಾರ್ಖಾನೆ ಎಂದರೆ ಟೈಮ್ ಆಫೀಸು, ಲೇಬರ್ ಆಫೀಸರು ಎಂದು ಹಿರಿಯರ ಮನಸ್ಸಿನಲ್ಲಿ ಕೂತಿದೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಆ ಅಧಿಕಾರಿಯ ಜೊತೆಗೆ ಪಾಳಿಯ ಸೂಪರ್‌ವೈಸರು, ಫೋರ್‌ಮನ್ನು, ವಿಭಾಗದ ಮುಖ್ಯಸ್ಥರು ಇರುತ್ತಾರೆ. ಆ ಮೆಟ್ಟಿಲುಗಳಿಲ್ಲದ ಕಡೆ ಮೇಲೊಂದು ಕುರ್ಚಿ ಹಾಕಿದರೆ ಕೂತವರಿಗೆ ಮಾಡಲು ಕೆಲಸವೇ ಇರುವುದಿಲ್ಲ.

‘ಮೂವರೂ ನೋಡಿಕೊಳ್ಳುತ್ತೇವೆ’ ಎಂದು ನೀವು ಸಮಾಧಾನದಿಂದ ಬರೆದಿದ್ದೀರಿ. ನನಗೆ ಆತಂಕ ಆದದ್ದು ಅಲ್ಲಿಯೇ. ನಿಮ್ಮಂಥದೇ ಒಂದು ಘಟಕದಲ್ಲಿ ಕಂಡದ್ದನ್ನು ಹೇಳುತ್ತೇನೆ. ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವಾರ. ಬಾಯ್ಲರ್ ನೋಡಿಕೊಳ್ಳುವವರು ಎರಡು ದಿನ ರಜೆ, ಐದು ಸಾವಿರ ಅಡ್ವಾನ್ಸ್ ಬೇಕೆಂದು ಅರ್ಧ ಹಾಳೆಯಲ್ಲಿ ಬರೆದು ಮೇಸ್ತ್ರಿಗೆ ಕೊಟ್ಟರು. ಮೇಸ್ತ್ರಿ ಅದನ್ನು ಓದದೆ, ‘ನಂದೇನೈತಿ ಇದ್ರಾಗ, ಸಾವ್ಕಾರ್ರನ್ನ ಕೇಳು’ ಎಂದರು. ದೊಡ್ಡ ಸಾಹುಕಾರರು ‘ಹಬ್ಬ ಅಲ್ಲೇನಪ್ಪಾ, ಹೋಗಿ ಬಾ’ ಎಂದು ಸಹಿ ಹಾಕಿದರು. ಸಂಜೆ ಚಿಕ್ಕ ಸಾಹುಕಾರರು ಬಂದು, ‘ಬಾಯ್ಲರ್ ಯಾರು ನೋಡ್ತಾರೆ? ನಿನಗೆ ರಜೆ ಕೊಟ್ಟೋರ್ಯಾರು?’ ಎಂದು ಎಲ್ಲರೆದುರು ಗದರಿದರು. ಎರಡನ್ನೂ ಕೇಳಿಸಿಕೊಂಡ ಗುಮಾಸ್ತರು ಯಾವುದಕ್ಕೂ ಇರಲಿ ಎಂದು ದುಡ್ಡು ತಡೆದರು. ಬಾಯ್ಲರ್‌ನವರು ಜಾತ್ರೆಗೆ ಹೋದರು. ಮುಗಿದ ಮೇಲೆ ಬೇರೆ ಕಡೆ ಸೇರಿಕೊಂಡರು. ಆ ಮನೆಯವರು ಈಗಲೂ ‘ಜಾಸ್ತಿ ಸಂಬಳದ ಆಸೆಗೆ ಹೋದ’ ಎಂದೇ ಹೇಳುತ್ತಾರೆ.

ಫ್ರಾನ್ಸಿನಲ್ಲಿ ಗಣಿ ಕಂಪನಿಯೊಂದನ್ನು ದಶಕಗಳ ಕಾಲ ನಡೆಸಿದ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಆಡಳಿತದ 14 ಸೂತ್ರಗಳನ್ನು ಬರೆದರು. ಒಬ್ಬ ಕೆಲಸಗಾರನಿಗೆ ಒಬ್ಬರೇ ಆಜ್ಞೆ ಕೊಡಬೇಕು ಎನ್ನುವುದು ಅವುಗಳಲ್ಲೊಂದು. ಶತಮಾನ ಕಳೆದರೂ ಕುಟುಂಬದವರು ನಡೆಸುವ ಉದ್ದಿಮೆಗಳಲ್ಲಿ ಮೊದಲು ಮುರಿಯುವುದು ಇದೇ. ಇನ್ನೊಂದು ಲೆಕ್ಕವಿದೆ. ಒಬ್ಬರ ಕೈಕೆಳಗೆ ನೇರವಾಗಿ ಐದು ಜನ ಇದ್ದರೆ ಅವರು ನಿಭಾಯಿಸಬೇಕಾದ ಸಂಬಂಧಗಳು 100, ಆರು ಜನ ಆದರೆ 222 ಎಂದು ಗ್ರೈಕುನಾಸ್ ಎಂಬ ನಿರ್ವಹಣಾ ಸಲಹೆಗಾರರು 1933ರಲ್ಲಿ ತೋರಿಸಿದರು. ಒಬ್ಬೊಬ್ಬರ ಜೊತೆ, ಇಬ್ಬಿಬ್ಬರ ಜೊತೆ, ಗುಂಪಿನ ಜೊತೆ ಹೀಗೆಲ್ಲ ಎಣಿಸಿದ ಲೆಕ್ಕ ಅದು. ಅಂಕಿಯನ್ನು ಹಾಗೆಯೇ ನಂಬಬೇಕಿಲ್ಲ, ಆದರೆ ಒಬ್ಬರು ಹೆಚ್ಚಾದಾಗ ತಲೆನೋವು ದುಪ್ಪಟ್ಟಾಗುವುದು ನಿಮ್ಮ ಅನುಭವಕ್ಕೂ ಬಂದಿರುತ್ತದೆ. ಅಪ್ಪ ಹನ್ನೆರಡು ಜನರನ್ನು ಹೆಸರು ಹಿಡಿದು ಕರೆದು ನಡೆಸಿದ ರೀತಿ 62 ಜನರಿಗೆ ಸಾಲದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಎಲ್ಲರೂ ಬಾಕ್ಸು, ಗೆರೆ ಎಳೆದು ಚಾರ್ಟ್ ಬರೆಯಲು ಕೂರುತ್ತಾರೆ. ಅದನ್ನು ಆಮೇಲೆ ಬರೆಯಿರಿ. ಮುಂದಿನ ಐದು ವರ್ಷ ಯಾರಿಗೆ ಏನು ಮಾರುತ್ತೀರಿ ಎನ್ನುವುದು ಮೊದಲು ಇತ್ಯರ್ಥವಾಗಲಿ. ಅಮೆರಿಕದ ಇತಿಹಾಸಕಾರ ಆಲ್ಫ್ರೆಡ್ ಚಾಂಡ್ಲರ್ ಡ್ಯುಪಾಂಟ್, ಜನರಲ್ ಮೋಟಾರ್ಸ್‌ನಂಥ ಕಂಪನಿಗಳ ಕಥೆ ಕೆದಕಿ 1962ರಲ್ಲಿ ಹೇಳಿದ್ದು ಇದನ್ನೇ: ವ್ಯಾಪಾರದ ದಾರಿ ಬದಲಾದರೆ ಸಂಸ್ಥೆಯ ರಚನೆ ಅದರ ಹಿಂದೆ ಬದಲಾಗಬೇಕು. ನೀವು ಕೋಳಿ ಫಾರಂಗಳಿಗೆ ಲಾರಿಗಟ್ಟಲೆ ಸರಬರಾಜು ಮಾಡುವುದಾದರೆ ನಿಮ್ಮ ಬಲವೆಲ್ಲ ಖರೀದಿಯಲ್ಲಿ ಇರಬೇಕು. ಸ್ವಂತ ಬ್ರಾಂಡಿನ ಚೀಲವನ್ನು ಹೈನುಗಾರರ ಮನೆಗೆ ಮುಟ್ಟಿಸುವುದಾದರೆ ಹಳ್ಳಿ ಸುತ್ತುವವರು, ವಸೂಲಿ ಮಾಡುವವರು, ದೂರು ಕೇಳುವವರು ಬೇಕು. ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ಹೆಚ್ಚು ಸಂಬಳ ಕೊಟ್ಟು ಉಳಿಸಿಕೊಳ್ಳಬೇಕು ಎನ್ನುವುದು ಎರಡು ದಾರಿಯಲ್ಲಿ ಬೇರೆ ಬೇರೆ. ಮಾನವ ಸಂಪನ್ಮೂಲದ ಕಾರ್ಯತಂತ್ರ ಎಂದು ದೊಡ್ಡ ಹೆಸರಿಟ್ಟಿರುವುದು ಈ ಲೆಕ್ಕಾಚಾರಕ್ಕೇ.

ಯಾರ ತೀರ್ಮಾನ ನಡೆಯುತ್ತದೆ ಎನ್ನುವುದು ನಿಮ್ಮಲ್ಲಿ ಈಗ ಹೇಗಿದೆ ಎಂದು ತಿಳಿಯಲು ಗೇಟಿನ ಹತ್ತಿರ ಹೋಗಿ ನಿಲ್ಲಿ. ಮೆಕ್ಕೆಜೋಳದ ಲೋಡು ಬಂದಿದೆ. ಲ್ಯಾಬ್‌ನ ಹೆಣ್ಣುಮಗಳು ಚೀಲಕ್ಕೆ ಬಂಬು ಚುಚ್ಚಿ ಕಾಳು ತೆಗೆದು ಮೀಟರಿಗೆ ಹಾಕುತ್ತಾಳೆ. ಶೇ. 14 ಇರಬೇಕಾದ ತೇವಾಂಶ ಶೇ. 18 ತೋರಿಸುತ್ತದೆ. ಇಂಥ ಕಾಳನ್ನು ಒಣಗಿಸದೆ ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ದನದ ಹೊಟ್ಟೆ ಸೇರಿದರೆ ಹಾಲಿನಲ್ಲೂ ಬರುತ್ತದೆ. ಆಗ ಆಕೆ ‘ಈ ಲೋಡು ಬೇಡ’ ಎಂದು ಲಾರಿ ವಾಪಸ್ ಕಳಿಸಬಹುದೇ? ಅಥವಾ ದಲಾಲರು ನಿಮ್ಮ ತಮ್ಮನಿಗೆ ಒಂದು ಫೋನ್ ಮಾಡಿದರೆ ಅದೇ ಲೋಡು ಒಳಗೆ ಬರುತ್ತದೆಯೇ? ಒಳಗೆ ಬರುತ್ತದೆ ಎಂದಾದರೆ ನಿಮ್ಮಲ್ಲಿ ಲ್ಯಾಬ್ ಇದ್ದೂ ಇಲ್ಲದಂತೆ. ಕೆಲಸ ಬಲ್ಲ ಆ ಹೆಣ್ಣುಮಗಳೂ ಹೆಚ್ಚು ದಿನ ನಿಲ್ಲುವುದಿಲ್ಲ. ಓದಿ ಬಂದವರಿಗೆ ತಮ್ಮ ಮಾತಿಗೆ ಬೆಲೆಯಿಲ್ಲ ಎನಿಸುವುದು ಕಡಿಮೆ ಸಂಬಳಕ್ಕಿಂತ ಹೆಚ್ಚು ನೋಯುತ್ತದೆ ಎಂದು ನಾನು ನಂಬಿದ್ದೇನೆ.

ಕಾನೂನಿನ ಕಡೆಯದನ್ನು ಬೇಗ ಹೇಳಿಬಿಡುತ್ತೇನೆ. ನಿಮ್ಮಷ್ಟು ಜನರಿರುವ ಕಾರ್ಖಾನೆಗೆ ಇಎಸ್‌ಐ, ಪಿಎಫ್ ಎರಡೂ ಅನ್ವಯಿಸುತ್ತವೆ. ಹತ್ತು ಜನ ದಾಟಿರುವುದರಿಂದ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷತೆ ಮಹಿಳೆಯದ್ದೇ. ಇಪ್ಪತ್ತು ದಾಟಿದ ಕಡೆ ಮಾಲೀಕರ, ಕಾರ್ಮಿಕರ ಸಮ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಬೇಕು. ಮೂವತ್ತು ದಾಟಿದವರು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಇದನ್ನು ಹೊರೆ ಎನ್ನಬೇಡಿ. ಐಟಿಐ ಮುಗಿಸಿದ ಹುಡುಗರನ್ನು ವರ್ಷವಿಡೀ ನೋಡಿ ಆರಿಸಿಕೊಳ್ಳುವ ಅವಕಾಶ ಇದು. ಈ ಕಾಗದಪತ್ರ, ಬಟವಾಡೆ, ಹಾಜರಿಗೆಲ್ಲ ಲೆಕ್ಕ ಬಲ್ಲ ಒಬ್ಬ ಸಿಬ್ಬಂದಿ ಗುಮಾಸ್ತರು ಸಾಕು. ನೀವು ದೊಡ್ಡ ಸಂಬಳ ಕೊಡುವುದಾದರೆ ಅದನ್ನು ಉತ್ಪಾದನೆ ನೋಡುವ ಫ್ಯಾಕ್ಟರಿ ಮ್ಯಾನೇಜರಿಗೆ ಕೊಡಿ, ಪಾಳಿಯ ಮೇಸ್ತ್ರಿಗಳೆಲ್ಲ ಅವರೊಬ್ಬರಿಗೇ ಉತ್ತರ ಹೇಳಲಿ. ಎರಡನೇ ಘಟಕ ಹಾಕಿದಾಗಲೋ, ವರ್ಷಕ್ಕೆ ಇಪ್ಪತ್ತು ಮೂವತ್ತು ಜನರನ್ನು ಹೊಸದಾಗಿ ಸೇರಿಸಿಕೊಳ್ಳುವಾಗಲೋ ಎಚ್‌ಆರ್ ಮ್ಯಾನೇಜರ್ ಮಾತು ಎತ್ತೋಣ.

ಇನ್ನು ತಮ್ಮನ ವಿಷಯ. ಅವರ ಕೈಯಿಂದ ಕೆಲಸ ಕಿತ್ತುಕೊಂಡಂತೆ ಆಗಬಾರದು, ಆದ್ದರಿಂದ ಪೂರ್ತಿ ಒಂದು ಕೆಲಸವನ್ನೇ ಅವರಿಗೆ ಬಿಡಿ. ಎಪಿಎಂಸಿ ಓಡಾಟ, ದಲಾಲರು, ದರ, ಲಾರಿ ಎಲ್ಲ ಅವರದೇ. ನೀವಾಗಲಿ ಅಪ್ಪನವರಾಗಲಿ ದರದಲ್ಲಿ ಬಾಯಿ ಹಾಕಬೇಡಿ. ಅದೇ ರೀತಿ ತೇವಾಂಶದ ವಿಷಯದಲ್ಲಿ ಲ್ಯಾಬ್‌ನದೇ ಕೊನೆಯ ಮಾತು, ಪ್ಲಾಂಟಿನೊಳಗಿನ ಜನರ ವಿಷಯದಲ್ಲಿ ಮ್ಯಾನೇಜರದ್ದು ಎಂದು ಅವರೂ ಒಪ್ಪಲಿ. ಎರಡು ದಿನದವರೆಗಿನ ರಜೆ ಮೇಸ್ತ್ರಿ ಕೊಡಬಹುದು, ಅಡ್ವಾನ್ಸ್ ಇಷ್ಟರವರೆಗೆ ಮ್ಯಾನೇಜರ್ ಕೊಡಬಹುದು ಎಂಬಂಥ ಹತ್ತು ಹದಿನೈದು ಸಾಲುಗಳನ್ನು ಕನ್ನಡದಲ್ಲಿ ಟೈಪ್ ಮಾಡಿಸಿ ಮೂವರೂ ಸಹಿ ಹಾಕಿ. ಅಪ್ಪನವರು ಅದನ್ನು ಎಲ್ಲ ಕೆಲಸಗಾರರ ಮುಂದೆ ತಾವೇ ಓದಲಿ. ನೀವು ಓದಿದರೆ ಅಣ್ಣ ತಮ್ಮನ ಮೇಲೆ ಹೇರಿದ ಹಾಗೆ ಕಾಣುತ್ತದೆ. ಅಕ್ಟೋಬರ್‌ನಲ್ಲಿ ಹೊಸ ಮೆಕ್ಕೆಜೋಳ ಬರಲು ಶುರುವಾದರೆ ಯಾರಿಗೂ ಕೂತು ಮಾತನಾಡಲು ಪುರಸೊತ್ತು ಸಿಗುವುದಿಲ್ಲ, ಅಷ್ಟರೊಳಗೆ ಮುಗಿಸಿಕೊಳ್ಳಿ.