ಶೇಂಗಾ ತನ್ನಿ, ಜ್ವರಾನೂ ಹೇಳಿ

ಜಗಳೂರು ಕಡೆಯ ಒಬ್ಬ ತಾಯಿ. ಸ್ತನ ಕ್ಯಾನ್ಸರ್‌ಗೆ ವಾರಕ್ಕೊಂದರಂತೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಕೊಡುವುದು ಅಂತ ತೀರ್ಮಾನವಾಗಿತ್ತು. ಆರನೇ ವಾರ ದಾವಣಗೆರೆಗೆ ಬರುವಾಗ ನನಗೆ ಅಂತ ಹೊಲದ ಶೇಂಗಾ ತಂದಿದ್ದರು. "ನಿಮ್ಮ ಕೈಗುಣ ಸರ್, ಅದಕ್ಕೇ ಬದುಕಿದೀನಿ" ಅಂದರು. ಹೇಗಿದ್ದೀರಿ ಅಂತ ಕೇಳಿದರೆ, "ಆರಾಮಿದೀನಿ, ಏನೂ ತೊಂದ್ರೆ ಇಲ್ಲ."

ಆದರೆ ಶೇಂಗಾ ಚೀಲವನ್ನು ಬೆರಳಲ್ಲಿ ಹಿಡಿದಿರಲಿಲ್ಲ. ಮೊಣಕೈಗೆ ನೇತುಹಾಕಿಕೊಂಡಿದ್ದರು. ಚೀಟಿ ಕೊಟ್ಟರೆ ಎರಡೂ ಅಂಗೈ ನಡುವೆ ಒತ್ತಿ ಹಿಡಿದರು. ನನಗೆ ಅನುಮಾನ ಬಂತು. "ಬ್ಲೌಸಿನ ಹುಕ್ಕು ಯಾರು ಹಾಕ್ತಾರೆ ಅಮ್ಮ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸೊಸೆ" ಅಂದರು. ಮೂರು ವಾರದಿಂದ ಬೆರಳ ತುದಿ ಜೋಮು ಹಿಡಿದಂತೆ ಇತ್ತು. ಹೊಲದ ದಾರಿಯಲ್ಲಿ ಕಾಲಿಂದ ಚಪ್ಪಲಿ ಜಾರಿ ಬಿದ್ದಿದ್ದೂ ಗೊತ್ತಾಗಿರಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಇಷ್ಟೆಲ್ಲ ಮಾಡ್ತಿದೀರಿ. ಅದರ ಮೇಲೆ ನಾನು ಅದು ನೋವು, ಇದು ನೋವು ಅಂದ್ರೆ ನಿಮಗೆ ಬೇಜಾರಾಗಲ್ವಾ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹರಿಹರದವರು, ಹೊನ್ನಾಳಿಯವರು, ಹೊಳಲ್ಕೆರೆಯವರು, ಎಲ್ಲರೂ ಇದನ್ನೇ ಹೇಳುತ್ತಾರೆ. ನಮ್ಮ ಜನರ ಪ್ರೀತಿ ದೊಡ್ಡದು. ಆದರೆ ಡಾಕ್ಟರ ಮೇಲಿನ ಗೌರವಕ್ಕೆ ತೊಂದರೆ ಮುಚ್ಚಿಡುವುದು ಯಾವ ಲೆಕ್ಕದ ಗೌರವ? ಮುಂದಿನ ಡೋಸ್ ಎಷ್ಟು ಕೊಡಬೇಕು ಅನ್ನುವುದನ್ನು ನಾನು ನಿಮ್ಮ ಮಾತಿನ ಮೇಲೇ ನಿರ್ಧರಿಸುತ್ತೇನೆ. ಈ ಕೀಮೋ ಔಷಧಿ ನರಕ್ಕೆ ಪೆಟ್ಟು ಕೊಟ್ಟು ಬರುವ ಜೋಮು ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅದರಿಂದಲೂ ಜೋಮು ಬರಬಹುದು, ಅದನ್ನೂ ನೋಡಬೇಕು. ಹೇಳದೇ ಇದ್ದರೆ ಅದೇ ಡೋಸ್ ಮುಂದುವರಿಯುತ್ತದೆ. ನರಕ್ಕೆ ಆದ ಪೆಟ್ಟು ಕೆಲವರಲ್ಲಿ ಪೂರ್ತಿ ವಾಸಿಯಾಗದೆ ಉಳಿದುಬಿಡುತ್ತದೆ.

ಇನ್ನೊಂದು ಭಯವೂ ಇದೆ, ನನಗೆ ಗೊತ್ತು. ಹೇಳಿದರೆ ಟ್ರೀಟ್‌ಮೆಂಟ್ ನಿಲ್ಲಿಸಿಬಿಡುತ್ತಾರೆ ಅಂತ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಡೋಸ್ ಸ್ವಲ್ಪ ಇಳಿಸುತ್ತೇವೆ, ಒಂದು ವಾರ ಮುಂದೆ ಹಾಕುತ್ತೇವೆ, ಬೇಕಾದರೆ ಔಷಧಿ ಬದಲಿಸುತ್ತೇವೆ. ವಾಂತಿಗೆ, ಭೇದಿಗೆ, ಬಾಯಿ ಹುಣ್ಣಿಗೆ ಒಳ್ಳೆಯ ಔಷಧಿಗಳಿವೆ. ಕೇಳಿದರೆ ಕೊಡುತ್ತೇವೆ, ಅಷ್ಟೇ.

ಜೋಮಿಗಾದರೂ ಒಂದು ವಾರದ ಟೈಮ್ ಸಿಗುತ್ತದೆ. ಜ್ವರಕ್ಕೆ ಅಷ್ಟು ಟೈಮ್ ಇರುವುದಿಲ್ಲ.

ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಕಣಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕಣದ ಜೊತೆ ಕೂದಲಿನ ಬುಡ, ಬಾಯಿಯ ಒಳಪದರ, ಮೂಳೆಯ ಒಳಗಿನ ಮಜ್ಜೆಗೂ ಪೆಟ್ಟು ಬೀಳುತ್ತದೆ. ಮಜ್ಜೆಯಲ್ಲೇ ಬಿಳಿ ರಕ್ತಕಣ ತಯಾರಾಗುವುದು. ಹೆಚ್ಚಿನ ಔಷಧಿಗಳಲ್ಲಿ ಕೀಮೋ ಆದ 7ರಿಂದ 14ನೇ ದಿನದ ನಡುವೆ ಈ ಕಣಗಳು ತೀರಾ ಕಡಿಮೆಯಾಗುತ್ತವೆ. ಆಗ ಸೋಂಕು ತಗುಲಿದರೆ ತಡೆಯುವವರೇ ಇಲ್ಲ. ಕೀವು ಆಗಬೇಕಾದರೂ ಬಿಳಿ ಕಣ ಬೇಕು. ಅದಕ್ಕೇ ಗಾಯ ಕೆಂಪಾಗದೇ ಇರಬಹುದು, ಕೀವೂ ಕಾಣದೇ ಇರಬಹುದು. ಎಷ್ಟೋ ಸಲ ಜ್ವರ ಒಂದೇ ಗುರುತು. ಆ ಒಂದು ಗುರುತನ್ನೂ ನೀವು ಡೋಲೊ ನುಂಗಿ ಅಳಿಸಿದರೆ ನಾನು ಏನು ನೋಡಲಿ?

ಚನ್ನಗಿರಿ ಕಡೆಯ ಒಬ್ಬ ಯಜಮಾನರು ಹಾಗೇ ಮಾಡಿದರು. ಅಡಿಕೆ ತೋಟದವರು, ಗಟ್ಟಿ ಆಳು. ಕೀಮೋ ಆಗಿ ಒಂಬತ್ತನೇ ದಿನ ಮೈ ಬಿಸಿಯಾಯಿತು. ಕೀಮೋ ಉಷ್ಣ ಅಂದುಕೊಂಡು ಎಳನೀರು ಕುಡಿದರು, ಒಂದು ಮಾತ್ರೆ ತಗೊಂಡರು. ಜ್ವರ ಇಳಿಯಿತು, ಮತ್ತೆ ಬಂತು, ಮತ್ತೆ ಮಾತ್ರೆ. ಮೂರನೇ ರಾತ್ರಿ ಚಳಿ ನಡುಕ ಶುರುವಾಯಿತು. ಬೆಳಗ್ಗೆ ಕರೆದುಕೊಂಡು ಬಂದಾಗ ಮಾತು ತೊದಲುತ್ತಿತ್ತು, ಬಿಪಿ ಪೂರ್ತಿ ಇಳಿದಿತ್ತು. ಐಸಿಯುನಲ್ಲಿ ಐದು ದಿನ ಇದ್ದು ಬದುಕಿಕೊಂಡರು. ಮಗ ಹೇಳಿದ್ದು: "ರಾತ್ರಿ ಹೊತ್ತು ನಿಮಗೆ ಯಾಕೆ ತೊಂದ್ರೆ ಕೊಡೋದು ಅಂತ ಅಪ್ಪಾನೇ ಬೇಡ ಅಂದ್ರು." ಅವನ ಮೇಲೆ ರೇಗಿದೆ. ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಅವನ ಪಕ್ಕ ಸುಮ್ನೆ ಕೂತೆ. ಅಪ್ಪನ ಮಾತು ಮೀರದ ಹುಡುಗ, ಅವನದೇನು ತಪ್ಪು?

ಹಾಗಾಗಿ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಹಣೆ ಮುಟ್ಟಿ ನೋಡುವುದು ಸಾಲದು. 100.4 ಡಿಗ್ರಿ ಅಥವಾ ಜಾಸ್ತಿ ತೋರಿಸಿದರೆ ಫೋನ್ ಮಾಡಿ, ತಕ್ಷಣ ಹೊರಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ಚಳಿ ನಡುಕ ಇದ್ದರೆ ಅಷ್ಟು ಏರುವ ತನಕವೂ ಕಾಯಬೇಡಿ. ಮಾತ್ರೆ ನುಂಗಿ ಬೆಳಗಾಗಲಿ ಅಂತ ಕೂರಬೇಡಿ. ದೂರದ ಹಳ್ಳಿಯಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋಗಿ, ಬಾಗಿಲಲ್ಲೇ "ಕೀಮೋ ನಡೀತಿದೆ, ಜ್ವರ ಇದೆ" ಅಂತ ಹೇಳಿ. ಕೀಮೋ ಫೈಲು ಕೈಯಲ್ಲಿರಲಿ. ಆ್ಯಂಟಿಬಯೋಟಿಕ್ ಎಷ್ಟು ಬೇಗ ಒಳಗೆ ಹೋಗುತ್ತದೋ ಅಷ್ಟು ಒಳ್ಳೆಯದು. ಇದು ಗಂಟೆಗಳ ಲೆಕ್ಕ. ಎಲ್ಲರ ಔಷಧಿಯೂ ಒಂದೇ ಅಲ್ಲ, ನಿಮ್ಮ ಡಾಕ್ಟರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ನಾವು ಡಾಕ್ಟರುಗಳೂ ಒಂದು ಮಾತು ನೆನಪಿಡಬೇಕು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ "ಏನಾದ್ರೂ ತೊಂದ್ರೆ ಇದೆಯಾ?" ಅಂತ ಚೀಟಿ ಬರೆಯುತ್ತಲೇ ಕೇಳಿದರೆ ಯಾರು ತಾನೇ ಇದೆ ಅಂತಾರೆ? ಊಟ ಸೇರುತ್ತಾ, ರಾತ್ರಿ ಎಷ್ಟು ಸಲ ಏಳ್ತೀರಿ, ಹುಕ್ಕು ಯಾರು ಹಾಕ್ತಾರೆ ಅಂತ ಕೇಳಬೇಕು.

ಆ ತಾಯಿಗೆ ಒಂದು ವಾರ ಬಿಟ್ಟು ಡೋಸ್ ಇಳಿಸಿದೆವು. ಮೊನ್ನೆ ಒಂಬತ್ತನೇ ಡೋಸ್‌ಗೆ ಬಂದರು. ಚೀಲ ಈ ಸಲ ಸೊಸೆಯ ಕೈಯಲ್ಲಿತ್ತು. ಇನ್ನೂ ಕೂತೇ ಇರಲಿಲ್ಲ, ಬಾಗಿಲಲ್ಲೇ ಶುರು ಮಾಡಿದರು: "ಕೈ ಪರವಾಗಿಲ್ಲ ಸರ್. ಎಡಗಾಲಿನ ಹೆಬ್ಬೆಟ್ಟು ಇನ್ನೂ ಜುಮ್ ಅಂತದೆ. ಬಾಯಲ್ಲಿ ಎರಡು ಹುಣ್ಣಾಗಿದಾವೆ. ಮತ್ತೆ, ರಾತ್ರಿ ನಿದ್ದೆ..."

ಕೂರಿಸಿ, ಒಂದೊಂದೇ ಬರೆದುಕೊಂಡೆ.