ಮಂಗಳೂರು ಅಂತ ಹುಡುಕಿದರೆ ಮಂಗಳೂರು ಸಿಗದು

ಹೋದ ತಿಂಗಳು ಮಂಗಳೂರಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಮೇಲ್ ಬಂತು. "ಮೇಡಂ, ಕೈರೋ ಗೆನಿಜಾದಲ್ಲಿ ನಮ್ಮೂರಿನ ಕಾಗದಪತ್ರ ಇದೆ ಅಂತ ಓದಿದ್ದೆ. ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್‌ನಲ್ಲಿ ಎರಡು ದಿನ ಹುಡುಕಿದೆ. ಏನೂ ಇಲ್ಲ." ಗೆನಿಜಾ ಎಂದರೆ ಹಳೆಯ ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಕೂಡಿಟ್ಟಿದ್ದ ಹಳೆಯ ಕಾಗದಗಳ ರಾಶಿ; ಅವನ್ನು ಹುಡುಕಲು ಇರುವ ಜಾಲತಾಣ ಆ ಪ್ರಿನ್ಸ್‌ಟನ್ ಪ್ರಾಜೆಕ್ಟ್. ಯಾವ ಪದ ಹಾಕಿದಿರಿ ಎಂದು ಕೇಳಿದೆ. ಇಂಗ್ಲಿಷಿನಲ್ಲಿ 'ಮಂಗಳೂರು' ಅಂತ, ಈಗಿನ ಸ್ಪೆಲ್ಲಿಂಗ್‌ನಲ್ಲೇ ಹಾಕಿದ್ದಳು.

ಆ ಸ್ಪೆಲ್ಲಿಂಗ್ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಗೆನಿಜಾದಲ್ಲಿದ್ದ ಭಾರತ ವ್ಯಾಪಾರದ ಪತ್ರಗಳನ್ನು ಇತಿಹಾಸಕಾರ ಎಸ್. ಡಿ. ಗೊಯ್ಟೀನ್ ಓದಲು ಕೂತದ್ದು 1950ರ ಹೊತ್ತಿಗೆ. ಅವರು ತೀರಿಕೊಂಡ ಮೇಲೆ ಆ ಕೆಲಸ ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ಹೊರತಂದವರು ಮೊರ್ದೆಖಾಯ್ ಫ್ರೀಡ್‌ಮನ್. ಇವರೆಲ್ಲ ಬರೆದದ್ದು 'ಮ್ಯಾಂಗಲೋರ್'. ಮೂಲ ಪತ್ರಗಳಲ್ಲಿ ಊರಿನ ಹೆಸರು 'ಮಂಜರೂರ್', ಅದೂ ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಈ ಹುಡುಗಿ ತನ್ನ ಊರನ್ನು ಒಬ್ಬರು ಕುಡ್ಲ, ಒಬ್ಬರು ಕೊಡಿಯಾಲ್, ಇನ್ನೊಬ್ಬರು ಮೈಕಾಲ ಅನ್ನುವುದನ್ನು ದಿನಾ ಕೇಳಿಕೊಂಡೇ ಬೆಳೆದವಳು. ಅಂಥವಳೂ ಕಂಪ್ಯೂಟರ್ ಮುಂದೆ ಕೂತ ಕೂಡಲೇ ಊರಿಗೆ ಒಂದೇ ಹೆಸರು ಎಂದು ನಂಬಿಬಿಟ್ಟಳಲ್ಲ ಎಂದು ನನಗೆ ಕಸಿವಿಸಿಯಾಯಿತು.

ಯಹೂದಿ ಅಧ್ಯಯನದ ವಿಭಾಗದಲ್ಲಿ ಗ್ರಂಥಪಾಲಕಿಯಾಗಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು 'ಏನೂ ಇಲ್ಲ'. ಹತ್ತರಲ್ಲಿ ಒಂಬತ್ತು ಸಲ ಅದು ಇರುತ್ತದೆ. ಸರ್ಚ್ ಬಾಕ್ಸ್‌ಗೆ ಊರೂ ಗೊತ್ತಿಲ್ಲ, ಮನುಷ್ಯರೂ ಗೊತ್ತಿಲ್ಲ. ನೀವು ಒತ್ತಿದ ಅಕ್ಷರ ಅದೇ ಸಾಲಿನಲ್ಲಿ ಇದೆಯೋ ಇಲ್ಲವೋ, ಅಷ್ಟನ್ನೇ ಅದು ನೋಡುತ್ತದೆ. ಎರಡು ಸಾವಿರ ವರ್ಷ ದೇಶದಿಂದ ದೇಶಕ್ಕೆ ಹೋಗಿ, ಹೋದಲ್ಲೆಲ್ಲ ಅಲ್ಲಿನ ಭಾಷೆಯನ್ನು ತಮ್ಮ ಲಿಪಿಯಲ್ಲಿ ಬರೆದ ಜನರ ದಾಖಲೆ ಇದು. ಇಲ್ಲಿ ಒಂದೇ ಸ್ಪೆಲ್ಲಿಂಗ್ ಹಿಡಿದು ಕೂರುವುದು ಎಂದರೆ ಹುಡುಕದೇ ಇದ್ದ ಹಾಗೆ.

ಹೀಬ್ರೂ ಲಿಪಿಯಲ್ಲಿ ಸಾಮಾನ್ಯವಾಗಿ ಹ್ರಸ್ವ ಸ್ವರ ಬರೆಯುವುದಿಲ್ಲ, 'ಮ್ಮ'ದಂಥ ಇಮ್ಮಡಿ ಅಕ್ಷರವೂ ಕಾಣುವುದಿಲ್ಲ. 1132ರ ಸುಮಾರಿಗೆ ಮಂಗಳೂರಿಗೆ ಬಂದು, ಇಲ್ಲಿ ಕಂಚಿನ ಕಾರ್ಖಾನೆ ಇಟ್ಟುಕೊಂಡು, ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು. ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಗುಲಾಮನ ಹೆಸರನ್ನು ಗೊಯ್ಟೀನ್ 'ಬಾಮ' ಎಂದು ಓದಿದರು. ಅದು 'ಬೊಮ್ಮ' ಇರಬೇಕು ಎಂದು ಆಮೇಲೆ ಹೇಳಿದವರು ನಮ್ಮ ವಿದ್ವಾಂಸ ವಿವೇಕ ರೈ. ಬೊಮ್ಮಯ್ಯ, ಬೊಮ್ಮಣ್ಣ ಎಂದು ಕರೆದು ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಓದು ಅದು. ಈಗ ಆ ಮನುಷ್ಯನನ್ನು ಹುಡುಕುವವರು ಎರಡೂ ರೂಪ ಹಾಕಿ ನೋಡಬೇಕು.

ಯಜಮಾನನ ಹೆಸರೂ ಸುಲಭವಲ್ಲ. 'ಬೆನ್' ಅಂದರೆ ಹೀಬ್ರೂವಿನಲ್ಲಿ ಮಗ, 'ಇಬ್ನ್' ಅಂದರೆ ಅರಬ್ಬಿಯಲ್ಲಿ ಮಗ, 'ಬರ್' ಅಂದರೆ ಅರಾಮಿಕ್‌ನಲ್ಲಿ ಮಗ. ಎಷ್ಟೋ ಕ್ಯಾಟಲಾಗ್‌ಗಳಲ್ಲಿ ಇದು ಬರೀ 'ಬಿ' ಅಕ್ಷರ ಮತ್ತು ಒಂದು ಚುಕ್ಕೆ. ಪೂರ್ತಿ ಹೆಸರು ಹಾಕಿ ಹುಡುಕಿದವರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಮಗ, ಅಪ್ಪ ಎಲ್ಲ ಬಿಟ್ಟು ವಿರಳವಾದ ತುಂಡನ್ನು ಮಾತ್ರ ಹಾಕಿ ಎನ್ನುತ್ತೇನೆ: 'ಯಿಜು' ಸಾಕು.

ಕನ್ನಡದವರಿಗೆ ನಾನು ಕೊಡುವ ಉದಾಹರಣೆ ಕುವೆಂಪು. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದ ಹಾಗೆಯೇ ಮಧ್ಯಯುಗದ ಯಹೂದಿ ಪಂಡಿತರಾದ ರಬ್ಬಿ ಮೋಶೆ ಬೆನ್ ಮೈಮೋನ್ 'ರಂಬಾಂ' ಆದರು, ರಬ್ಬಿ ಶ್ಲೊಮೊ ಯಿಟ್ಸ್‌ಹಾಕಿ 'ರಾಶಿ' ಆದರು. ರಂಬಾಂ ಅವರೇ ಯುರೋಪಿನ ಪುಸ್ತಕಗಳಲ್ಲಿ ಮೈಮೊನಿಡೀಸ್, ಅರಬ್ಬಿ ಮೂಲಗಳಲ್ಲಿ ಮೂಸಾ ಇಬ್ನ್ ಮೈಮೂನ್. ಯಹೂದಿ ಗ್ರಂಥಗಳ ತಾಣವಾದ ಸೆಫಾರಿಯಾದಲ್ಲಿ ಒಂದು ಹೆಸರಿನಿಂದ, ಅರಬ್ಬಿ ತತ್ತ್ವಶಾಸ್ತ್ರದ ಸೂಚಿಯಲ್ಲಿ ಇನ್ನೊಂದರಿಂದ ಹುಡುಕಬೇಕಾಗುತ್ತದೆ.

ರಂಬಾಂ ಅವರ ತಮ್ಮ ದಾವೀದನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೆಂಪು ಸಮುದ್ರದ ದಡದ ಐಧಾಬ್ ಬಂದರಿನಿಂದ ಅವನು ಅಣ್ಣನಿಗೆ ಪತ್ರ ಬರೆದ: ಮರುಭೂಮಿ ದಾಟಿ ಬಂದೆ, ಇಲ್ಲಿ ಕೊಳ್ಳುವಂಥದ್ದೇನೂ ಸಿಗಲಿಲ್ಲ, ಭಾರತಕ್ಕೇ ಹೊರಡುತ್ತೇನೆ. ಹಿಂದೂ ಮಹಾಸಾಗರದಲ್ಲಿ ಅವನು ಮುಳುಗಿಹೋದ. ಸುದ್ದಿ ಕೇಳಿ ತಾನು ಒಂದು ವರ್ಷ ಹಾಸಿಗೆ ಹಿಡಿದಿದ್ದೆ ಎಂದು ರಂಬಾಂ ಎಷ್ಟೋ ವರ್ಷದ ಮೇಲೆ ಬರೆದಿದ್ದಾರೆ. ದಾವೀದನ ಆ ಪತ್ರ ಇಂದಿಗೂ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದನ್ನು ಮೊದಲ ಸಲ ನೋಡಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ.

ಅದರ ಶೆಲ್ಫ್‌ಮಾರ್ಕ್ (ಗ್ರಂಥಾಲಯ ಕೊಟ್ಟ ಗುರುತು ಸಂಖ್ಯೆ) ಓಆರ್ 1081 ಜೆ1. ಅಣ್ಣತಮ್ಮಂದಿರ ಹೆಸರನ್ನು ಹತ್ತು ಥರ ಬರೆಯಬಹುದು, ಈ ಸಂಖ್ಯೆಯನ್ನು ಹಾಗಲ್ಲ. ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನಿಂದ ಹೊರಬಂದ ಕಾಗದಗಳು ಕೇಂಬ್ರಿಜ್, ಆಕ್ಸ್‌ಫರ್ಡ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್ ಎಂದು ಹರಿದು ಹಂಚಿಹೋಗಿವೆ. ಕೇಂಬ್ರಿಜ್‌ನ ಟೇಲರ್-ಶೆಕ್ಟರ್ ಸಂಗ್ರಹವೊಂದರಲ್ಲೇ 1,90,000ಕ್ಕೂ ಹೆಚ್ಚು ತುಣುಕುಗಳಿವೆ. ಒಂದೇ ಹಾಳೆಯ ಅರ್ಧ ಒಂದು ದೇಶದಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಸಿಕ್ಕಿದ್ದೂ ಉಂಟು. ಆದ್ದರಿಂದ ಒಮ್ಮೆ ಏನಾದರೂ ಸಿಕ್ಕರೆ ಮೊದಲು ಶೆಲ್ಫ್‌ಮಾರ್ಕ್ ಬರೆದಿಟ್ಟುಕೊಳ್ಳಿ, ಆಮೇಲೆ ಓದಿ. ದಯವಿಟ್ಟು.

ಇದು ಮಧ್ಯಯುಗದ ಕಾಗದಗಳ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಯುವ ವಾಸ್ತುಶಿಲ್ಪಿಯೊಬ್ಬರು ಆಟೋ ಕೋನಿಗ್ಸ್‌ಬರ್ಗರ್ ಬಗ್ಗೆ ಮಾಹಿತಿ ಕೇಳಿದ್ದರು. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದವರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಪೆವಿಲಿಯನ್ ಅವರದೇ. ಜರ್ಮನ್ನಿನಲ್ಲಿ ಅವರ ಹೆಸರಿನ 'ಓ' ಮೇಲೆ ಎರಡು ಚುಕ್ಕೆ ಇದೆ. ಚುಕ್ಕೆ ಇಲ್ಲದ ಕಡೆ 'ಓ' ಪಕ್ಕ 'ಇ' (e) ಸೇರಿಸುವುದು ಪದ್ಧತಿ. ಈ ಹುಡುಗ ಚುಕ್ಕೆಯನ್ನೂ ಬಿಟ್ಟು 'ಇ'ಯನ್ನೂ ಬಿಟ್ಟು ಹುಡುಕಿದ್ದರು. ಜರ್ಮನ್ ಯಹೂದಿಗಳ ದಾಖಲೆಗೆ ಲಿಯೋ ಬೆಕ್ ಇನ್‌ಸ್ಟಿಟ್ಯೂಟ್ ಮೊದಲು ನೋಡಬೇಕಾದ ಜಾಗವೆಂದು ತಿಳಿಸಿ, ಎರಡು ರೂಪಗಳನ್ನೂ ಬರೆದು ಕಳಿಸಿದೆ.

ಯಿಡ್ಡಿಷ್‌ನಲ್ಲಿ, ಅಂದರೆ ಹೀಬ್ರೂ ಲಿಪಿಯಲ್ಲಿ ಬರೆಯುವ ಪೂರ್ವ ಯುರೋಪಿನ ಯಹೂದಿಗಳ ಭಾಷೆಯಲ್ಲಿ, ಇದು ಇನ್ನೂ ವಿಚಿತ್ರ. ಸತ್ಯ ಎನ್ನುವುದಕ್ಕೆ ಅಲ್ಲಿ 'ಎಮೆಸ್'. ಹೀಬ್ರೂವಿನಿಂದ ಬಂದ ಪದವಾದ್ದರಿಂದ ಹಳೆಯ ಪದ್ಧತಿಯಲ್ಲಿ ಮೂರೇ ಅಕ್ಷರ. ಸೋವಿಯತ್ ಒಕ್ಕೂಟದಲ್ಲಿ ಉಚ್ಚಾರದಂತೆ ಬರೆಯಬೇಕೆಂದು ನಿಯಮ ಮಾಡಿದ ಮೇಲೆ ಅದಕ್ಕೆ ನಾಲ್ಕು ಅಕ್ಷರ. ಮಾಸ್ಕೋದ ಪತ್ರಿಕೆ ಹುಡುಕುವಾಗ ಹಳೆಯ ಪದ್ಧತಿಯ ವಾರ್ಸಾದ ಸ್ಪೆಲ್ಲಿಂಗ್ ಹಾಕಿದರೆ ಏನೂ ಬರುವುದಿಲ್ಲ. ವಂಶಾವಳಿ ಹುಡುಕುವವರು ಈ ಕಷ್ಟವನ್ನು ನಮಗಿಂತ ಮೊದಲೇ ಅರಿತರು. ರ‍್ಯಾಂಡಿ ಡೈಚ್ ಮತ್ತು ಗ್ಯಾರಿ ಮೊಕೊಟೊಫ್ 1985ರಲ್ಲಿ ಪೂರ್ವ ಯುರೋಪಿನ ಹೆಸರುಗಳಿಗೆಂದೇ ಧ್ವನಿ ಆಧಾರಿತ ಸಂಕೇತ ರೂಪಿಸಿದರು. ಜ್ಯೂಯಿಶ್‌ಜೆನ್‌ನಲ್ಲಿ (ಯಹೂದಿ ವಂಶಾವಳಿಯ ತಾಣ) ಆ ಆಯ್ಕೆ ಇದೆ, ಬಳಸಿ.

ಒಂದು ಎಚ್ಚರಿಕೆ. ತಾಣದಲ್ಲಿರುವ ಲಿಪ್ಯಂತರ ಒಬ್ಬ ವಿದ್ವಾಂಸರ ಓದು, ಕೊನೆಯ ಮಾತಲ್ಲ. ಸಾಧ್ಯವಾದಾಗಲೆಲ್ಲ ಹಾಳೆಯ ಚಿತ್ರವನ್ನೂ ನೋಡಿ. ಪುಕ್ಕಟೆ ಸಿಗುತ್ತದೆಂದು 1901ರಿಂದ 1906ರವರೆಗೆ ಬಂದ ಜ್ಯೂಯಿಶ್ ಎನ್‌ಸೈಕ್ಲೊಪೀಡಿಯಾವನ್ನು ಇವತ್ತಿನ ಮಾತೆಂಬಂತೆ ಉಲ್ಲೇಖಿಸಬೇಡಿ. ಗೆನಿಜಾ ಸಂಶೋಧನೆಯ ಬಹುಭಾಗ ಅದಾದ ಮೇಲಿನದು. ಇತ್ತೀಚಿನ ಲೇಖನಗಳಿಗೆ ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯದ ರಾಂಬಿ ಸೂಚಿಯಿದೆ.

ಮಂಗಳೂರಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ನಿಜವಾದ ವಿಷಯ ಅಡಿಕೆ. ಮನೆಯಲ್ಲಿ ತೋಟವಿದೆಯಂತೆ. ಅಡಿಕೆಗೆ ಇಂಗ್ಲಿಷಿನಲ್ಲಿ 'ಅರೇಕಾ' ಎಂದು ಹುಡುಕಿ ಅಲ್ಲೂ ಸೋತಿದ್ದಳು. ಅನುವಾದಕರು 'ಬೀಟಲ್ ನಟ್' ಎಂದು ಬರೆದಿರುತ್ತಾರೆ, ವೀಳ್ಯದೆಲೆಯ ಹೆಸರನ್ನು ಅಡಿಕೆಗೆ ಅಂಟಿಸಿ. ಮೂಲದಲ್ಲಿ ಅರಬ್ಬಿಯ 'ಫೌಫಲ್' ಇರುತ್ತದೆ, ಎರಡನ್ನೂ ಹಾಕಿ ನೋಡಿ ಎಂದು ಬರೆದೆ. ಹೀಬ್ರೂ ಅಕ್ಷರಗಳಲ್ಲಿ ಅದನ್ನು ಹೇಗೆ ಒತ್ತಬೇಕೆಂದೂ ತೋರಿಸಿಕೊಟ್ಟೆ.

ಮೂರನೇ ದಿನ ಉತ್ತರ ಬಂತು. "ಅಡಿಕೆ ಸಿಕ್ಕಿತು ಮೇಡಂ. ಏಡನ್ನಿಗೆ ಹೋಗಿದೆ." ಕೆಳಗೆ ನಾಲ್ಕು ಶೆಲ್ಫ್‌ಮಾರ್ಕ್‌ಗಳನ್ನು ಬರೆದಿದ್ದಳು.