ಅಂಗಿ ತೊಟ್ಟುಕೊಂಡೇ ಹೊಲಿಗೆ ಬಿಚ್ಚುವ ಬ್ಯಾಕ್ಟೀರಿಯಾ

2019ರಲ್ಲಿ ಜೀವವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿ ಮಂಜುಳಾ ರೆಡ್ಡಿ ಅವರಿಗೆ ಬಂತು. ಆಗ ನಮ್ಮ ಮೈಕ್ರೋಬಯಾಲಜಿ ಲ್ಯಾಬಿನ ಟೆಕ್ನಿಷಿಯನ್ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಹೊಸ ಆ್ಯಂಟಿಬಯೋಟಿಕ್ ಬಂತಾ ಮೇಡಂ?" ಇಲ್ಲ ಅಂದೆ. ಅವನ ಮುಖ ಸಪ್ಪಗಾಯಿತು. ದಿನಾ ಬೆಳಗ್ಗೆ ಬ್ಯಾಕ್ಟೀರಿಯಾ ಬೆಳೆಸಿದ ಕಲ್ಚರ್ ಪ್ಲೇಟ್ ನೋಡಿ ರಿಪೋರ್ಟಿನಲ್ಲಿ ಸಾಲಾಗಿ 'ರೆಸಿಸ್ಟೆಂಟ್', ಅಂದರೆ ಈ ಔಷಧಿಗೆ ಬಗ್ಗುವುದಿಲ್ಲ, ಅಂತ ಬರೆಯುವವನಿಗೆ ಅಷ್ಟು ಆಸೆ ಇರಬಾರದೇ?

ಹಾಗಾದರೆ ಪ್ರಶಸ್ತಿ ಯಾಕೆ ಬಂತು? ಬ್ಯಾಕ್ಟೀರಿಯಾದ ಸುತ್ತ ಗಟ್ಟಿಯಾದ ಒಂದು ಬಲೆ ಇರುತ್ತದೆ. ಸಕ್ಕರೆಯ ಉದ್ದನೆಯ ಎಳೆಗಳು, ಅವುಗಳ ನಡುವೆ ಅಮೈನೊ ಆಮ್ಲಗಳ ಪುಟ್ಟ ಕೊಂಡಿಗಳು. ಪೆನ್ಸಿಲಿನ್ ಈ ಕೊಂಡಿ ಹಾಕುವ ಕಿಣ್ವಗಳನ್ನು ತಡೆಯುತ್ತದೆ. ಬಲೆ ಸಡಿಲವಾಗಿ, ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಇದು ಹಳೇ ಕತೆ. ರೆಡ್ಡಿ ಅವರ ತಂಡ ಹುಡುಕಿದ್ದು ಹಾಕಿದ ಕೊಂಡಿಯನ್ನು ಬಿಚ್ಚುವವರನ್ನು.

ಮಕ್ಕಳಿಗೆ ಯೂನಿಫಾರ್ಮ್ ಹೊಲಿಸುವಾಗ "ಬೆಳೆಯೋ ಮಗು, ಒಳಗೆ ಸ್ವಲ್ಪ ಬಟ್ಟೆ ಬಿಡಿ" ಅಂತ ಟೈಲರಿಗೆ ಹೇಳ್ತೀವಿ ಅಲ್ವಾ? ಮುಂದಿನ ವರ್ಷ ಹೊಲಿಗೆ ಬಿಚ್ಚಿ ಅಗಲ ಮಾಡಿಸುತ್ತೇವೆ. ಬ್ಯಾಕ್ಟೀರಿಯಾಗೂ ಅದೇ ಪಾಡು. ಬೆಳೆಯಬೇಕಾದರೆ ಹಳೇ ಕೊಂಡಿ ಕತ್ತರಿಸಿ ಹೊಸ ಎಳೆ ಸೇರಿಸಬೇಕು. ಆದರೆ ಅದಕ್ಕೆ ಅಂಗಿ ಕಳಚುವ ಹಾಗಿಲ್ಲ, ತೊಟ್ಟುಕೊಂಡೇ ಬಿಚ್ಚಬೇಕು. ಜಾಸ್ತಿ ಬಿಚ್ಚಿದರೆ ಸಿಡಿದೇ ಹೋಗುತ್ತದೆ.

ನಮ್ಮ ಕರುಳಿನಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ರೆಡ್ಡಿ ಅವರ ತಂಡಕ್ಕೆ ಕೊಂಡಿ ಬಿಚ್ಚುವ ಇಂಥ ಮೂರು ಕತ್ತರಿಗಳು, ಅಂದರೆ ಕಿಣ್ವಗಳು, ಸಿಕ್ಕವು. ಯಾವುದಾದರೂ ಒಂದನ್ನು ತೆಗೆದರೆ ಉಳಿದವು ಕೆಲಸ ಹಂಚಿಕೊಳ್ಳುತ್ತವೆ, ಬ್ಯಾಕ್ಟೀರಿಯಾ ಬದುಕುತ್ತದೆ. ಮೂರನ್ನೂ ತೆಗೆದರೆ ಸಾಯುತ್ತದೆ. ನನಗೆ ಇನ್ನೂ ಇಷ್ಟವಾದದ್ದು ಆಮೇಲಿನ ಸಂಗತಿ. ಆ ಕತ್ತರಿಗಳಲ್ಲಿ ಒಂದನ್ನು ಸ್ವತಃ ಬ್ಯಾಕ್ಟೀರಿಯಾವೇ ಬೇಗ ಬೇಗ ಚೂರು ಮಾಡಿ ಹಾಕುತ್ತದೆ. ಅದಕ್ಕೆಂದೇ ಬೇರೆ ಪ್ರೋಟೀನ್‌ಗಳಿವೆ. ಹೊಲಿಗೆ ಮುಗಿದ ಮೇಲೆ ಮಕ್ಕಳ ಕೈಗೆ ಸಿಗದ ಹಾಗೆ ಅಮ್ಮ ಕತ್ತರಿ ಎತ್ತಿಡುವಂತೆ. ಈ ಲೆಕ್ಕ ತಪ್ಪಿಸುವ ಔಷಧಿ ಸಿಕ್ಕರೆ ಅದು ಪೆನ್ಸಿಲಿನ್ ಜಾತಿಯದ್ದಾಗಿರುವುದಿಲ್ಲ. ನಮ್ಮ ಟೆಕ್ನಿಷಿಯನ್‌ಗೆ ಹೇಳಿದ್ದು ಇಷ್ಟೇ.

ಪ್ರಶಸ್ತಿಯ ಬಗ್ಗೆ ನನ್ನದೊಂದು ತಕರಾರಿದೆ. ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಶನ್ ಶುರುವಾದದ್ದು 2009ರಲ್ಲಿ. ಚಿನ್ನದ ಪದಕದ ಜೊತೆಗೆ 1,00,000 ಡಾಲರ್ ಕೊಡುತ್ತಾರೆ. ವೃತ್ತಿಯ ನಡುವಿನಲ್ಲಿರುವವರನ್ನು ಗುರುತಿಸುವ ಪ್ರಶಸ್ತಿ ಅಂತಲೇ ಹೆಸರಾಗಿತ್ತು. 2024ರಿಂದ 40 ವರ್ಷದೊಳಗಿನವರಿಗೆ ಮಾತ್ರ. ಬೇಗ ಗುರುತಿಸಿದರೆ ಮುಂದಿನ ಕೆಲಸಕ್ಕೆ ಬಲ ಬರುತ್ತದೆ, ಅದು ನಿಜ. ಗಣಿತದವರಿಗೆ ಸರಿಹೋಗಬಹುದು. ನಮ್ಮ ಕಡೆ ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೇ ಐದೂವರೆ ವರ್ಷ, ಎಂಡಿಗೆ ಮೂರು, ಆಮೇಲೆ ಸಂಶೋಧನೆ. ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗಬಹುದು, ಅದರ ಹಿಂದೆ ಬಿದ್ದವರಿಗೆ ಆ ವೇಗ ಎಲ್ಲಿಂದ ಬರಬೇಕು?

ನಮ್ಮ ಪಿಜಿ ಹುಡುಗಿಗೆ ಸಂಶೋಧನೆ ಮಾಡುವ ಆಸೆ. ಈಗ 28. ಮೊನ್ನೆ ಬೆರಳು ಮಡಚಿ ಎಣಿಸಿದಳು. "ಪಿಎಚ್‌ಡಿ ಮುಗಿಯೋ ಹೊತ್ತಿಗೆ 35 ಮೇಡಂ" ಅಂತ ನಕ್ಕು, ಮತ್ತೆ ಪ್ಲೇಟ್ ಓದಲು ಕೂತಳು.